ಸೊನ್ನೆ ತೋರಿಸಿದ ಪದಪಟ್ಟಿ: ಇನ್ಫರ್ನೋ ಶೆಲ್‌ನಲ್ಲಿ ಮಾಡ್ಯೂಲ್ ನಡೆಸಿದ ಒಂದು ಪ್ರಕರಣ

ಸಿ ಭಾಷೆಯಲ್ಲಿ ಬರೆದಿದ್ದ, ಯೂನಿಕ್ಸ್ ಯಂತ್ರಗಳ ಮೇಲೆ ತಕರಾರಿಲ್ಲದೆ ನಡೆಯುತ್ತಿದ್ದ ಒಂದು ಚಿಕ್ಕ ಪ್ರೋಗ್ರಾಂ ಅನ್ನು ಇನ್ಫರ್ನೋ ಎಂಬ ಆಪರೇಟಿಂಗ್ ಸಿಸ್ಟಂಗೆ ತಂದಾಗ ಎದುರಾದ ತೊಡಕುಗಳ ವಿವರ ಇದು. ಪ್ರೋಗ್ರಾಂನ ಕೆಲಸ ಸರಳವಾದದ್ದು: ಕೊಟ್ಟ ಪಠ್ಯ ಫೈಲ್‌ಗಳನ್ನು ಓದಿ, ಯಾವ ಪದ ಎಷ್ಟು ಸಲ ಬಂದಿದೆ ಎಂಬ ಪಟ್ಟಿಯನ್ನೂ ಕೊನೆಯಲ್ಲಿ ಒಟ್ಟು ಪದಗಳ ಸಂಖ್ಯೆಯನ್ನೂ ಮುದ್ರಿಸುವುದು. ಅದನ್ನು ಇನ್ಫರ್ನೋದ ಲಿಂಬೋ ಭಾಷೆಯಲ್ಲಿ ಮತ್ತೆ ಬರೆದು, ಮೂರು ಮಾಡ್ಯೂಲ್‌ಗಳಾಗಿ (ಬೇರೆ ಬೇರೆಯಾಗಿ ಕಂಪೈಲ್ ಆಗುವ ಭಾಗಗಳಾಗಿ) ಹಂಚಿ, ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡದೆ ಒಪ್ಪಿಕೊಂಡ ಮೇಲೆ ಕಮಾಂಡ್ ಲೈನ್‌ನಿಂದ ನಡೆಸಿದಾಗ, ಪಟ್ಟಿ ಖಾಲಿಯಾಗಿತ್ತು; ಒಟ್ಟು ಪದಗಳ ಸಂಖ್ಯೆ 0 ಎಂದು ಅಚ್ಚಾಯಿತು. ದೋಷದ ಸಂದೇಶ ಯಾವುದೂ ಬರಲಿಲ್ಲ. ಇನ್ಫರ್ನೋ ಅನ್ನು ಇಳಿಸಿಕೊಂಡು ಯಾರು ಬೇಕಾದರೂ ಇದನ್ನು ತಮ್ಮ ಯಂತ್ರದಲ್ಲಿ ಹೀಗೆಯೇ ಮರುಸೃಷ್ಟಿಸಿ ನೋಡಬಹುದು.

ಈ ಸೊನ್ನೆಗೆ ಕಾರಣ ಎಣಿಸುವ ಕೋಡ್‌ನಲ್ಲಿ ಇರಲಿಲ್ಲ. ಈ ವ್ಯವಸ್ಥೆಯಲ್ಲಿ ಕಮಾಂಡ್ ಒಂದನ್ನು ನಡೆಸುವುದು ಎಂದರೆ ಏನು ಎಂಬುದರಲ್ಲೇ ಅದು ಇತ್ತು. ಹಾಗಾಗಿ ಮೊದಲು ವ್ಯವಸ್ಥೆಯ ಬಗ್ಗೆ, ಪ್ರಕರಣಕ್ಕೆ ಬೇಕಾದಷ್ಟು ಮಾತ್ರ, ಹೇಳಬೇಕು.

ವ್ಯವಸ್ಥೆ

ಇನ್ಫರ್ನೋ ಹುಟ್ಟಿದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಯೂನಿಕ್ಸ್ ಮತ್ತು ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಂಗಳನ್ನು ರೂಪಿಸಿದ ಅದೇ ಸಂಶೋಧನಾ ತಂಡದ ಕೈಯಲ್ಲಿ. ಲೂಸೆಂಟ್ ಕಂಪನಿ ಅದನ್ನು 1996ರಲ್ಲಿ ಹೊರಗೆಡಹಿತು. 2000ದಲ್ಲಿ ಅದು ವೀಟಾ ನುವೋವಾ ಎಂಬ ಸಂಸ್ಥೆಯ ಕೈಗೆ ಬಂದು, ಮುಂದೆ ಮುಕ್ತ ಪರವಾನಗಿಯಡಿ ಎಲ್ಲರಿಗೂ ಸಿಗುವಂತಾಯಿತು. ಅದರ ಪ್ರೋಗ್ರಾಂಗಳನ್ನು ಬರೆಯುವ ಲಿಂಬೋ ಭಾಷೆಯನ್ನು ಶಾನ್ ಡಾರ್ವರ್ಡ್, ಫಿಲ್ ವಿಂಟರ್‌ಬಾಟಮ್ ಮತ್ತು ರಾಬ್ ಪೈಕ್ ವಿನ್ಯಾಸಗೊಳಿಸಿದರು. ಭಾಷೆಯ ಕೈಪಿಡಿಯನ್ನು ಬರೆದವರು ಸಿ ಭಾಷೆಯ ಜನಕ ಡೆನಿಸ್ ರಿಚಿ.

ಲಿಂಬೋ ಕಂಪೈಲರ್ ಯಾವುದೇ ನಿಜವಾದ ಪ್ರೊಸೆಸರ್‌ನ ಆದೇಶಗಳನ್ನು ಹೊರಡಿಸುವುದಿಲ್ಲ. ಅದು ಹೊರಡಿಸುವುದು ಡಿಸ್ ಎಂಬ ವರ್ಚುವಲ್ ಮೆಷಿನ್‌ನ ಆದೇಶಗಳನ್ನು. ಅವು ಸೇರುವ ಫೈಲ್‌ನ ಹೆಸರು ಕೂಡ ಡಿಸ್ ಎಂದೇ ಕೊನೆಗೊಳ್ಳುತ್ತದೆ. ಇನ್ಫರ್ನೋ ನೇರವಾಗಿ ಯಂತ್ರದ ಮೇಲೆ ಕೂರಬಲ್ಲದು. ಅಥವಾ ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಂಥ ಇನ್ನೊಂದು ವ್ಯವಸ್ಥೆಯೊಳಗೆ ಇಮ್ಯು ಎಂಬ ಸಾಮಾನ್ಯ ಪ್ರೋಗ್ರಾಂ ಆಗಿಯೂ ನಡೆಯಬಲ್ಲದು. ನಮ್ಮ ಪ್ರಕರಣ ಎರಡನೆಯ ಬಗೆಯದು. ಇಮ್ಯು ಶುರುವಾದಾಗ ಬರುವುದು ಒಂದು ಶೆಲ್, ಅಂದರೆ ಟೈಪಿಸಿದ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ; ಅದರ ಪ್ರಾಂಪ್ಟ್ ಒಂದು ಅರ್ಧವಿರಾಮ ಚಿಹ್ನೆ. (ಆ ಚಿಹ್ನೆ ಶೆಲ್‌ಗೆ ನಿರುಪದ್ರವಿಯಾದ್ದರಿಂದ, ತೆರೆಯ ಮೇಲಿನ ಸಾಲನ್ನು ಪ್ರಾಂಪ್ಟ್ ಸಮೇತ ನಕಲು ಮಾಡಿ ಮತ್ತೆ ಅಂಟಿಸಿದರೂ ಅದು ಸರಿಯಾಗಿಯೇ ನಡೆಯುತ್ತದೆ. ಸಣ್ಣ ವಿಷಯ, ಆದರೆ ದಿನಬಳಕೆಯಲ್ಲಿ ಅನುಕೂಲವಾದದ್ದು.)

ಮುಖ್ಯವಾದ ಮಾತು ಈಗ ಬರುತ್ತದೆ. ಯೂನಿಕ್ಸ್‌ನಲ್ಲಿ ಶೆಲ್ ಒಂದು ಕಮಾಂಡನ್ನು ನಡೆಸುವಾಗ ತನ್ನ ಪ್ರತಿಯೊಂದನ್ನು ಹುಟ್ಟಿಸಿ, ಆ ಪ್ರತಿಯ ಜಾಗದಲ್ಲಿ ಬೇರೊಂದು ಪ್ರೋಗ್ರಾಂ ಅನ್ನು ಕೂರಿಸುತ್ತದೆ. ಪ್ರತಿ ಪ್ರೋಗ್ರಾಂಗೂ ತನ್ನದೇ ಮೆಮೊರಿ ವಲಯ ಇರುತ್ತದೆ, ಆ ವಲಯಗಳ ನಡುವಿನ ಗೋಡೆಯನ್ನು ಹಾರ್ಡ್‌ವೇರ್ ಕಾಯುತ್ತದೆ. ಇನ್ಫರ್ನೋಗೆ ಅಂಥ ಹಾರ್ಡ್‌ವೇರ್ ರಕ್ಷಣೆ ಬೇಕಿಲ್ಲ; 1 ಎಂಬಿ ಮೆಮೊರಿಯ, ಮೆಮೊರಿ ರಕ್ಷಣೆಯೇ ಇಲ್ಲದ ಸಾಧನಗಳಲ್ಲೂ ನಡೆಯಬೇಕು ಎಂಬುದು ಅದರ ಮೂಲ ಗುರಿಗಳಲ್ಲಿ ಒಂದಾಗಿತ್ತು. ಅಲ್ಲಿ ಎಲ್ಲ ಪ್ರೊಸೆಸ್‌ಗಳೂ ಒಂದೇ ವರ್ಚುವಲ್ ಮೆಷಿನ್‌ನೊಳಗೆ ಇರುತ್ತವೆ, ಒಂದು ಇನ್ನೊಂದರ ಮೆಮೊರಿಯನ್ನು ಕೆಡಿಸದಂತೆ ಕಾಯುವುದು ಭಾಷೆಯ ಟೈಪ್ ನಿಯಮಗಳು. ಶೆಲ್ ಕೂಡ ಲಿಂಬೋದಲ್ಲಿ ಬರೆದ ಒಂದು ಮಾಡ್ಯೂಲ್. ನೀವು ಒಂದು ಕಮಾಂಡಿನ ಹೆಸರನ್ನು ಟೈಪಿಸಿದಾಗ ಅದು ಆ ಹೆಸರಿನ ಮಾಡ್ಯೂಲನ್ನು ಲೋಡ್ ಮಾಡಿ, ಹೊಸ ಪ್ರೊಸೆಸ್ ಒಂದರೊಳಗಿಂದ ಅದರಲ್ಲಿರುವ ಇನಿಟ್ ಎಂಬ ಫಂಕ್ಷನ್ ಅನ್ನು ಕರೆಯುತ್ತದೆ. ಆ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್‌ಗಳು ಹೋಗುತ್ತವೆ: ಮೊದಲನೆಯದು ಚಿತ್ರಪರದೆಯ ಸಂದರ್ಭ, ಎರಡನೆಯದು ನೀವು ಟೈಪಿಸಿದ ಪದಗಳ ಪಟ್ಟಿ.

ಶೆಲ್ ಬಳಸುವ ಲೋಡ್ ಎಂಬ ಆ ಕ್ರಿಯೆ, ಯಾವುದೇ ಲಿಂಬೋ ಪ್ರೋಗ್ರಾಂ ತನ್ನ ಸಹಾಯಕ ಲೈಬ್ರರಿಯನ್ನು ತರಿಸಿಕೊಳ್ಳಲು ಬಳಸುವ ಕ್ರಿಯೆಯೇ. ಕಮಾಂಡ್ ಮತ್ತು ಲೈಬ್ರರಿಗೆ ಇಲ್ಲಿ ಜಾತಿಭೇದವಿಲ್ಲ. ಶೆಲ್‌ಗೆ ಬೇಕಾದುದು ಸರಿಯಾದ ಟೈಪ್ ಇರುವ ಒಂದು ಇನಿಟ್ ಮಾತ್ರ; ಮಾಡ್ಯೂಲ್ ಅದರ ಜೊತೆಗೆ ಇನ್ನೆಷ್ಟು ಫಂಕ್ಷನ್‌ಗಳನ್ನು ಹೊರಗೆ ತೋರಿಸಿದರೂ ಅದಕ್ಕೆ ಚಿಂತೆಯಿಲ್ಲ. ಮುಂದಿನ ಪ್ರತಿಯೊಂದು ತೊಡಕನ್ನೂ ಈ ಒಂದು ಸಂಗತಿಯ ಬೆಳಕಿನಲ್ಲಿ ಓದಿದರೆ ಮಾತ್ರ ಅರ್ಥವಾಗುತ್ತದೆ.

ಪ್ರೋಗ್ರಾಂ ಮತ್ತು ಅದರ ಮೊದಲ ಓಟ

ಮೂಲ ಸಿ ಪ್ರೋಗ್ರಾಂ ಮೂರು ಫೈಲ್‌ಗಳಲ್ಲಿ ಇತ್ತು. ಒಂದರಲ್ಲಿ ಪದಗಳ ಕೋಷ್ಟಕ, ಅಂದರೆ ಒಂದು ಗ್ಲೋಬಲ್ ಅರೇ ಮತ್ತು ಒಂದು ಗ್ಲೋಬಲ್ ಎಣಿಕೆ. ಇನ್ನೊಂದರಲ್ಲಿ ಫೈಲ್ ಓದಿ ಪದಗಳನ್ನು ಬಿಡಿಸುವ ಕೆಲಸ. ಮೂರನೆಯದರಲ್ಲಿ ಮುಖ್ಯ ಫಂಕ್ಷನ್. ಲಿಂಬೋಗೆ ತರುವಾಗ ಈ ವಿಂಗಡಣೆಯನ್ನು ಹಾಗೆಯೇ ಉಳಿಸಿಕೊಂಡು, ಪ್ರತಿ ಫೈಲನ್ನೂ ಒಂದು ಮಾಡ್ಯೂಲ್ ಮಾಡಲಾಯಿತು. ಈ ಬರಹದಲ್ಲಿ ಅವನ್ನು ಲೆಕ್ಕ, ಓದುಗ ಮತ್ತು ಪದಪಟ್ಟಿ ಎಂದು ಕರೆಯುತ್ತೇನೆ. ಪದಪಟ್ಟಿ ಎಂಬುದು ಇನಿಟ್ ಇರುವ ಕಮಾಂಡ್ ಮಾಡ್ಯೂಲ್. ಅದು ಓದುಗವನ್ನೂ ಲೆಕ್ಕವನ್ನೂ ಲೋಡ್ ಮಾಡುತ್ತದೆ. ಓದುಗ ಸಹ, ತನಗೆ ಸಿಕ್ಕ ಪದಗಳನ್ನು ಸೇರಿಸಬೇಕಾದ್ದರಿಂದ, ತನ್ನಷ್ಟಕ್ಕೆ ಲೆಕ್ಕವನ್ನು ಲೋಡ್ ಮಾಡುತ್ತದೆ. ಓದುವಿಕೆ ಮುಗಿದ ಮೇಲೆ ಪದಪಟ್ಟಿಯು ಲೆಕ್ಕವನ್ನು ಕೇಳಿ ಪಟ್ಟಿಯನ್ನು ಮುದ್ರಿಸಬೇಕು. ಸಿ ಪ್ರೋಗ್ರಾಂನ ನಕ್ಷೆಯೂ ಇದೇ ಆಗಿತ್ತು.

ಮೊದಲ ಓಟದಲ್ಲಿ ಕಂಡದ್ದು ಸೊನ್ನೆಯಲ್ಲ, ಮೂರು ಸಂಖ್ಯೆಗಳ ಒಂದು ಸಾಲು. ಹಳೆಯ ಅಭ್ಯಾಸದಿಂದ ಕಮಾಂಡ್ ಮಾಡ್ಯೂಲಿನ ಫೈಲ್‌ಗೆ ಡಬ್ಲ್ಯೂಸಿ ಎಂದು ಹೆಸರಿಡಲಾಗಿತ್ತು. ಪಾತ್ ಎಂಬ ವೇರಿಯೇಬಲ್‌ಗೆ ಬೆಲೆ ಕೊಡದೆ ಇದ್ದಾಗ ಇನ್ಫರ್ನೋ ಶೆಲ್ ಮೊದಲು ಡಿಸ್ ಎಂಬ ವ್ಯವಸ್ಥೆಯ ಡೈರೆಕ್ಟರಿಯಲ್ಲೂ ಅನಂತರ ಸದ್ಯದ ಡೈರೆಕ್ಟರಿಯಲ್ಲೂ ಹುಡುಕುತ್ತದೆ. ವ್ಯವಸ್ಥೆಯದೇ ಡಬ್ಲ್ಯೂಸಿ ಅಲ್ಲಿ ಮೊದಲೇ ಇದೆ, ಅದು ಸಾಲು, ಪದ ಮತ್ತು ಅಕ್ಷರಗಳ ಸಂಖ್ಯೆಯನ್ನು ವಿಧೇಯವಾಗಿ ಹೇಳಿತು. ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಿದರೆ ಈ ಹುಡುಕಾಟ ನಡೆಯುವುದಿಲ್ಲ. ಫೈಲ್‌ನ ಹೆಸರನ್ನು ಬದಲಿಸುವುದು ಅದಕ್ಕಿಂತ ಒಳ್ಳೆಯದು, ಹಾಗೆಯೇ ಮಾಡಲಾಯಿತು.

ಹೆಸರು ಬದಲಿಸಿದ ಮೇಲೆ ಬಂದದ್ದು ಆ ಖಾಲಿ ಪಟ್ಟಿ, ಆ ಸೊನ್ನೆ.

ಸಂಶಯ ಸುತ್ತಾಡಿದ ಜಾಗಗಳು

ಮೊದಲ ಸಂಶಯ ಔಟ್‌ಪುಟ್ ಬಫರ್‌ನ ಮೇಲೆ ಹೋಯಿತು, ಅದು ಸಹಜವೂ ಆಗಿತ್ತು. ಲಿಂಬೋದಲ್ಲಿ ಬಫಿಯೋ ಎಂಬ ಲೈಬ್ರರಿಯ ಮೂಲಕ ಬರೆದರೆ, ಕೊನೆಯಲ್ಲಿ ಫ್ಲಷ್ ಅಥವಾ ಕ್ಲೋಸ್ ಮಾಡದೆ ಪ್ರೋಗ್ರಾಂ ಮುಗಿದಾಗ ಬಫರ್‌ನಲ್ಲಿ ಉಳಿದದ್ದು ಕಳೆದುಹೋಗುತ್ತದೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಸಹಜವಾಗಿ ಮುಗಿದಾಗ ಲೈಬ್ರರಿ ತಾನೇ ಮಾಡುವ ಆ ಕೊನೆಯ ಉಪಕಾರ ಇಲ್ಲಿಲ್ಲ. ಸಿಯಿಂದ ಬಂದ ಎಷ್ಟೋ ಪ್ರೋಗ್ರಾಂಗಳು ಇಲ್ಲಿ ಮೌನವಾಗುವುದು ಇದರಿಂದಲೇ. ಆದರೆ ನಮ್ಮ ಪ್ರೋಗ್ರಾಂ ಮೌನವಾಗಿರಲಿಲ್ಲ. ಒಟ್ಟು 0 ಎಂಬ ಸಾಲು ಅಚ್ಚಾಗಿತ್ತು, ಅದೂ ಪಟ್ಟಿಯ ನಂತರ ಅದೇ ದಾರಿಯಲ್ಲಿ ಬರಬೇಕಾದ ಸಾಲು. ಬಫರ್ ತಪ್ಪಿತಸ್ಥನಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಎರಡನೆಯ ಸಂಶಯ ಪದ ಬಿಡಿಸುವ ಕೋಡ್‌ನ ಮೇಲೆ. ಅದನ್ನು ಪರೀಕ್ಷಿಸಲು ಲೆಕ್ಕ ಮಾಡ್ಯೂಲಿನ ಸೇರಿಸುವ ಫಂಕ್ಷನ್ ಒಳಗೆ, ಪ್ರತಿ ಸಲ ಸದ್ಯದ ಎಣಿಕೆಯನ್ನು ಮುದ್ರಿಸುವ ಒಂದು ಸಾಲು ಹಾಕಬೇಕೆಂದಾಯಿತು; ಪದ ಬಂದ ಫೈಲ್‌ನ ಹೆಸರೂ ಕಂಡರೆ ಒಳ್ಳೆಯದು ಎಂದು ಆ ಫಂಕ್ಷನ್‌ಗೆ ಎರಡನೆಯ ಆರ್ಗ್ಯುಮೆಂಟ್ ಒಂದನ್ನೂ ಸೇರಿಸಲಾಯಿತು. ಮಾಡ್ಯೂಲ್ ಹೊರಗೆ ತೋರಿಸುವ ಫಂಕ್ಷನ್‌ಗಳನ್ನು ಸಾರುವ ಇಂಟರ್‌ಫೇಸ್ ಫೈಲ್ ತಿದ್ದಿದ್ದಾಯಿತು, ಓದುಗದ ಮೂಲದಲ್ಲಿ ಕರೆಯನ್ನೂ ತಿದ್ದಿದ್ದಾಯಿತು, ಲೆಕ್ಕ ಮತ್ತು ಪದಪಟ್ಟಿಗಳನ್ನು ಮತ್ತೆ ಕಂಪೈಲ್ ಮಾಡಿದ್ದಾಯಿತು. ಓದುಗದ ಹಳೆಯ ಡಿಸ್ ಫೈಲ್ ಮಾತ್ರ ಹಾಗೆಯೇ ಉಳಿದಿತ್ತು.

ಈ ಸಲ ಓಡಿಸಿದಾಗ ಓದುಗವು ಲೆಕ್ಕವನ್ನು ಲೋಡ್ ಮಾಡಲಾಗಲಿಲ್ಲ ಎಂದು ಹೇಳಿ ನಿಂತಿತು. ಕಾರಣವಾಗಿ ಅದು ಮುದ್ರಿಸಿದ್ದು ಲಿಂಕ್ ಟೈಪ್‌ಚೆಕ್ ಎಂಬ ಎರಡು ಪದಗಳು, ಮಾಡ್ಯೂಲಿನ ಮತ್ತು ಫಂಕ್ಷನ್‌ನ ಹೆಸರು, ಅದರ ಹಿಂದೆ ಓರೆಗೆರೆಯಿಂದ ಬೇರ್ಪಟ್ಟ ಎರಡು ಹೆಕ್ಸಾಡೆಸಿಮಲ್ ಸಂಖ್ಯೆಗಳು. ಮೊದಲ ಬಾರಿ ನೋಡಿದವರಿಗೆ ಈ ಸಂದೇಶ ಒಗಟಿನಂತೆ ಕಾಣುತ್ತದೆ. ಆದರೆ ಇದು ಇಡೀ ವ್ಯವಸ್ಥೆಯ ಅತ್ಯಂತ ಪ್ರಾಮಾಣಿಕ ಸಂದೇಶಗಳಲ್ಲಿ ಒಂದು ಎಂದು ನನ್ನ ಅಭಿಪ್ರಾಯ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಸರಿ.

ಲಿಂಬೋ ಕಂಪೈಲರ್ ಒಂದು ಮಾಡ್ಯೂಲ್ ಹೊರಗೆ ತೋರಿಸುವ ಪ್ರತಿ ಫಂಕ್ಷನ್‌ಗೂ ಅದರ ಟೈಪ್‌ನ ಒಂದು ಮುದ್ರೆಯನ್ನು ಡಿಸ್ ಫೈಲ್‌ನಲ್ಲಿ ಬರೆದಿಡುತ್ತದೆ. ಫಂಕ್ಷನ್ ಯಾವ ಟೈಪ್‌ಗಳನ್ನು ತೆಗೆದುಕೊಳ್ಳುತ್ತದೆ, ಯಾವುದನ್ನು ಹಿಂದಿರುಗಿಸುತ್ತದೆ ಎಂಬುದರ ವಿವರಣೆಯನ್ನು ಎಂಡಿ-5 ಹ್ಯಾಷ್‌ಗೆ ಒಳಪಡಿಸಿ, ಅದನ್ನು 32 ಬಿಟ್‌ಗಳಿಗೆ ಮಡಚಿದರೆ ಸಿಗುವ ಸಂಖ್ಯೆಯೇ ಆ ಮುದ್ರೆ. ಕರೆಯುವ ಮಾಡ್ಯೂಲಿನ ಡಿಸ್ ಫೈಲ್‌ನಲ್ಲಿಯೂ, ತಾನು ನಿರೀಕ್ಷಿಸುವ ಫಂಕ್ಷನ್‌ಗಳ ಮುದ್ರೆಗಳು ಇರುತ್ತವೆ. ಲೋಡ್ ಆಗುವ ಕ್ಷಣದಲ್ಲಿ ವರ್ಚುವಲ್ ಮೆಷಿನ್ ಎರಡನ್ನೂ ಹೋಲಿಸುತ್ತದೆ. ಹೊಂದದಿದ್ದರೆ ಲೋಡ್ ನಿಲ್ (ಏನೂ ಇಲ್ಲ ಎಂಬ) ಬೆಲೆಯನ್ನು ಹಿಂದಿರುಗಿಸುತ್ತದೆ, ಮತ್ತು ಕಾರಣವನ್ನು ದೋಷದ ಸಾಲಿನಲ್ಲಿ ಬಿಡುತ್ತದೆ. ಸಂದೇಶದ ಆ ಎರಡು ಸಂಖ್ಯೆಗಳು ಹೊಂದದ ಆ ಎರಡು ಮುದ್ರೆಗಳೇ. ಅವುಗಳಿಂದ ಟೈಪ್ ಏನೆಂದು ಹಿಂದಕ್ಕೆ ಲೆಕ್ಕ ಹಾಕಲಾಗುವುದಿಲ್ಲ. ಆದರೆ ಹಾಕಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಫಂಕ್ಷನ್‌ನ ಹೆಸರು ಪಕ್ಕದಲ್ಲೇ ಇದೆ ಮತ್ತು ಮಾಡಬೇಕಾದ ಕೆಲಸ ಯಾವಾಗಲೂ ಒಂದೇ: ಎರಡೂ ಕಡೆಯನ್ನು ಒಂದೇ ಇಂಟರ್‌ಫೇಸ್ ಫೈಲ್‌ನೊಂದಿಗೆ ಮತ್ತೆ ಕಂಪೈಲ್ ಮಾಡುವುದು.

ಇದೇ ಪರಿಸ್ಥಿತಿ ಸಿ ಭಾಷೆಯಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಸಿ ಲಿಂಕರ್ ನೋಡುವುದು ಹೆಸರನ್ನು ಮಾತ್ರ. ಹಳೆಯ ಆಬ್ಜೆಕ್ಟ್ ಫೈಲ್ ಒಂದು ಆರ್ಗ್ಯುಮೆಂಟ್ ಕೊಟ್ಟು ಕರೆಯುತ್ತಿತ್ತು, ಹೊಸ ಫಂಕ್ಷನ್ ಎರಡನ್ನು ಓದುತ್ತಿತ್ತು, ಎರಡನೆಯದಾಗಿ ಅದಕ್ಕೆ ಸಿಗುತ್ತಿದ್ದುದು ರಿಜಿಸ್ಟರ್‌ನಲ್ಲೋ ಸ್ಟ್ಯಾಕ್‌ನಲ್ಲೋ ಆಗ ಇದ್ದ ಯಾವುದೋ ಕಸ. ಪ್ರೋಗ್ರಾಂ ಕೆಲವೊಮ್ಮೆ ಬೀಳುತ್ತಿತ್ತು, ಕೆಲವೊಮ್ಮೆ ಬೀಳದೆ ತಪ್ಪು ಹೆಸರನ್ನು ಮುದ್ರಿಸುತ್ತಿತ್ತು. ಹಾರ್ಡ್‌ವೇರ್ ಗೋಡೆಯಿಲ್ಲದ ಇನ್ಫರ್ನೋದಂಥ ವ್ಯವಸ್ಥೆಯಲ್ಲಿ ಇದನ್ನು ಬಿಟ್ಟುಕೊಡುವಂತಿಲ್ಲ; ಒಂದು ಮಾಡ್ಯೂಲ್ ಇನ್ನೊಂದರ ಪಾಯಿಂಟರ್ ಅನ್ನು ಸಂಖ್ಯೆಯೆಂದು ತಿಳಿದರೆ ಕೆಡುವುದು ಒಂದು ಪ್ರೋಗ್ರಾಂ ಅಲ್ಲ, ಇಡೀ ವರ್ಚುವಲ್ ಮೆಷಿನ್. ಆದ್ದರಿಂದ ಟೈಪ್ ಪರೀಕ್ಷೆ ಇಲ್ಲಿ ಸೌಜನ್ಯದ ಮಾತಲ್ಲ, ಬೇರೆಡೆ ಹಾರ್ಡ್‌ವೇರ್ ಮಾಡುವ ಕಾವಲಿನ ಕೆಲಸವನ್ನು ಅದು ಇಲ್ಲಿ ಮಾಡುತ್ತಿದೆ.

ಓದುಗವನ್ನು ಮತ್ತೆ ಕಂಪೈಲ್ ಮಾಡಿದ ಮೇಲೆ ಸಂದೇಶ ಹೋಯಿತು. ಮುಂದೆ ಇದು ಮರುಕಳಿಸದಂತೆ, ಮೂರೂ ಡಿಸ್ ಫೈಲ್‌ಗಳು ಇಂಟರ್‌ಫೇಸ್ ಫೈಲ್‌ನ ಮೇಲೆ ಅವಲಂಬಿಸಿವೆ ಎಂದು, ಬೇಕಾದದ್ದನ್ನು ಮತ್ತೆ ಕಂಪೈಲ್ ಮಾಡಿಸುವ ಎಂಕೆ ಸಾಧನದ ನಿಯಮಗಳಲ್ಲಿ ಬರೆದಿಡಲಾಯಿತು.

ಎರಡು ಲೆಕ್ಕಗಳು

ಪರೀಕ್ಷೆಯ ಸಾಲು ಈಗ ಕೆಲಸ ಮಾಡಿತು, ಮತ್ತು ಅದು ತೋರಿಸಿದ್ದು ವಿಚಿತ್ರವಾಗಿತ್ತು. ಓದುಗ ಪ್ರತಿ ಪದವನ್ನು ಸೇರಿಸುವಾಗಲೂ ಎಣಿಕೆ 1, 2, 3 ಎಂದು ಸರಿಯಾಗಿ ಏರುತ್ತಾ ಹೋಗಿ ಫೈಲ್‌ನ ಕೊನೆಯ ಪದದವರೆಗೂ ತಲುಪಿತು. ಅದಾದ ಕೂಡಲೇ ಪದಪಟ್ಟಿ ಕೇಳಿದಾಗ ಅದೇ ಲೆಕ್ಕ ಮಾಡ್ಯೂಲ್ ಸೊನ್ನೆ ಎಂದಿತು. ನಡುವೆ ಎಣಿಕೆಯನ್ನು ಅಳಿಸುವ ಕೋಡ್ ಎಲ್ಲಿಯೂ ಇರಲಿಲ್ಲ. ಸಿ ಪ್ರೋಗ್ರಾಮರ್ ಒಬ್ಬರು ಇದನ್ನು ನೋಡಿದರೆ ಮೆಮೊರಿ ಕೆಟ್ಟಿದೆ ಎಂದೇ ಹೇಳುತ್ತಾರೆ.

ಕೆಟ್ಟಿರಲಿಲ್ಲ. ಅಲ್ಲಿ ಇದ್ದದ್ದು ಒಂದು ಲೆಕ್ಕವಲ್ಲ, ಎರಡು.

ಡಿಸ್ ಮೆಷಿನ್‌ನಲ್ಲಿ ಒಂದು ಮಾಡ್ಯೂಲ್‌ಗೆ ಎರಡು ಪಾಲು ಇರುತ್ತದೆ: ಆದೇಶಗಳ ಪಾಲು ಮತ್ತು ಗ್ಲೋಬಲ್ ವೇರಿಯೇಬಲ್‌ಗಳ ಪಾಲು. ಆದೇಶಗಳ ಪಾಲನ್ನು ಫೈಲ್ ಬದಲಾಗದಿರುವವರೆಗೆ ಎಲ್ಲರೂ ಹಂಚಿಕೊಳ್ಳುತ್ತಾರೆ; ಎರಡನೆಯ ಸಲ ಲೋಡ್ ಮಾಡಿದಾಗ ಫೈಲನ್ನು ಮತ್ತೆ ಬಿಡಿಸಿ ಓದುವ ಅಗತ್ಯ ಬೀಳುವುದಿಲ್ಲ. ಆದರೆ ಗ್ಲೋಬಲ್‌ಗಳ ಪಾಲು ಪ್ರತಿ ಲೋಡ್‌ಗೂ ಹೊಸದಾಗಿ ಹುಟ್ಟುತ್ತದೆ. ಓದುಗ ಲೋಡ್ ಮಾಡಿದ ಲೆಕ್ಕಕ್ಕೆ ಅದರದೇ ಕೋಷ್ಟಕ, ಪದಪಟ್ಟಿ ಲೋಡ್ ಮಾಡಿದ ಲೆಕ್ಕಕ್ಕೆ ಅದರದೇ ಕೋಷ್ಟಕ. ಮೊದಲನೆಯದು ತುಂಬಿತು, ಎರಡನೆಯದು ಮುಟ್ಟದೆ ಉಳಿಯಿತು, ಮುದ್ರಣವಾದದ್ದು ಎರಡನೆಯದು. ಕಂಪೈಲರ್ ಇದನ್ನು ಹಿಡಿಯಲಾರದು, ಏಕೆಂದರೆ ಇದರಲ್ಲಿ ಭಾಷೆಯ ಯಾವ ನಿಯಮವೂ ಮುರಿದಿಲ್ಲ.

ಈ ವಿನ್ಯಾಸವನ್ನು ಮೊದಲು ಕಂಡವರು ಕಿರಿಕಿರಿಪಡುವುದು ಸಹಜ. ಲೈಬ್ರರಿ ಎಂದರೆ ಒಂದು ಪ್ರೋಗ್ರಾಂನೊಳಗೆ ಒಂದೇ ಇರಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಆದರೆ ಶೆಲ್‌ನ ಕಡೆಯಿಂದ ನೋಡಿದರೆ ಬೇರೆ ದಾರಿಯೇ ಇರಲಿಲ್ಲ ಎಂದು ಕಾಣುತ್ತದೆ. ಒಂದು ಪೈಪ್‌ಲೈನಿನಲ್ಲಿ ಕ್ಯಾಟ್ ಅಥವಾ, ಪಠ್ಯದಲ್ಲಿ ಪದ ಹುಡುಕುವ, ಗ್ರೆಪ್ ಎಂಬ ಕಮಾಂಡ್ ಎರಡು ಸಲ ಬಂದಿದೆ ಎಂದುಕೊಳ್ಳಿ. ಎರಡೂ ಒಂದೇ ಹೊತ್ತಿಗೆ, ಒಂದೇ ವರ್ಚುವಲ್ ಮೆಷಿನ್‌ನೊಳಗೆ ನಡೆಯುತ್ತಿವೆ. ಎರಡೂ ಬಂದದ್ದು ಒಂದೇ ಡಿಸ್ ಫೈಲ್‌ನಿಂದ. ಅವುಗಳ ಗ್ಲೋಬಲ್‌ಗಳು ಒಂದೇ ಆಗಿದ್ದರೆ ಮೊದಲನೆಯ ಗ್ರೆಪ್ ಹುಡುಕುವ ಪದವನ್ನು ಎರಡನೆಯದು ಅಳಿಸಿ ತನ್ನದನ್ನು ಬರೆಯುತ್ತಿತ್ತು. ಯೂನಿಕ್ಸ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ಬೇರೆ ಮೆಮೊರಿ ವಲಯ ಇರುವುದರಿಂದ ಈ ಪ್ರಶ್ನೆ ಏಳುವುದೇ ಇಲ್ಲ. ಇಲ್ಲಿ ಅದಕ್ಕೆ ಉತ್ತರ ಕೊಡಬೇಕಾದುದು ಲೋಡ್. ಕಮಾಂಡ್‌ಗೂ ಲೈಬ್ರರಿಗೂ ಒಂದೇ ಲೋಡ್ ಎಂದು ಒಪ್ಪಿಕೊಂಡ ಮೇಲೆ, ಕಮಾಂಡ್‌ಗೆ ಬೇಕಾದ ಪ್ರತ್ಯೇಕತೆ ಲೈಬ್ರರಿಗೂ ಬಂದೇ ಬರುತ್ತದೆ. ನಮ್ಮ ಪದಪಟ್ಟಿಯ ಸೊನ್ನೆ ಮತ್ತು ಪೈಪ್‌ಲೈನಿನ ಎರಡು ಗ್ರೆಪ್‌ಗಳ ಸುರಕ್ಷತೆ ಒಂದೇ ನಿಯಮದ ಎರಡು ಫಲಗಳು.

ಬಗೆಹರಿಸಲು ಮೂರು ದಾರಿಗಳಿದ್ದವು. ಲಿಂಬೋದಲ್ಲಿ ಲೋಡ್ ಆದ ಮಾಡ್ಯೂಲ್ ಒಂದು ಸಾಮಾನ್ಯ ಬೆಲೆ. ಅದನ್ನು ವೇರಿಯೇಬಲ್‌ನಲ್ಲಿ ಇಡಬಹುದು, ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಡಬಹುದು. ಆದ್ದರಿಂದ ಪದಪಟ್ಟಿಯೊಂದೇ ಲೆಕ್ಕವನ್ನು ಲೋಡ್ ಮಾಡಿ, ಆ ಮಾಡ್ಯೂಲನ್ನೇ ಓದುಗದ ಕೈಗೆ ಒಪ್ಪಿಸುವುದು ಮೊದಲನೆಯ ದಾರಿ. ಲೆಕ್ಕವನ್ನು ಪ್ರತ್ಯೇಕ ಪ್ರೊಸೆಸ್ ಆಗಿ ನಡೆಸಿ, ಉಳಿದವರು ಚಾನೆಲ್‌ಗಳ ಮೂಲಕ ಅದರೊಂದಿಗೆ ಮಾತಾಡುವುದು ಇನ್ನೊಂದು. ಚಾನೆಲ್ ಲಿಂಬೋದ ಮೂಲ ಟೈಪ್‌ಗಳಲ್ಲಿ ಒಂದು (ಗೋ ಭಾಷೆಯನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ, ಎರಡರ ವಿನ್ಯಾಸದಲ್ಲೂ ರಾಬ್ ಪೈಕ್ ಇದ್ದಾರೆ), ಆದರೆ ಇಷ್ಟು ಸಣ್ಣ ಕೆಲಸಕ್ಕೆ ಅದು ಅತಿಯಾಯಿತು. ಮೂರನೆಯದು ಗ್ಲೋಬಲ್‌ಗಳನ್ನೇ ತೆಗೆದುಹಾಕುವುದು: ಕೋಷ್ಟಕ ಮತ್ತು ಎಣಿಕೆಯನ್ನು ಎಡಿಟಿ ಎಂದು ಲಿಂಬೋ ಕರೆಯುವ ಒಂದು ಕಟ್ಟಿನಲ್ಲಿಟ್ಟು, ಲೆಕ್ಕ ಮಾಡ್ಯೂಲ್ ಅಂಥದೊಂದನ್ನು ಸೃಷ್ಟಿಸಿ ಅದರ ರೆಫರೆನ್ಸ್ ಕೊಡುವುದು, ಉಳಿದವರು ಆ ರೆಫರೆನ್ಸನ್ನು ಕೈಯಿಂದ ಕೈಗೆ ದಾಟಿಸುವುದು. ಆಗ ಲೆಕ್ಕವನ್ನು ಎಷ್ಟು ಜನ ಎಷ್ಟು ಸಲ ಲೋಡ್ ಮಾಡಿದರೂ ಕೋಷ್ಟಕ ಒಂದೇ ಉಳಿಯುತ್ತದೆ, ಏಕೆಂದರೆ ಅದು ಯಾವ ಮಾಡ್ಯೂಲಿನ ಪಾಲೂ ಅಲ್ಲ.

ಆರಿಸಿಕೊಂಡದ್ದು ಮೂರನೆಯದು. ಮಾಡ್ಯೂಲನ್ನೇ ದಾಟಿಸುವುದು ಬದಲಾವಣೆಯ ದೃಷ್ಟಿಯಿಂದ ಇನ್ನೂ ಚಿಕ್ಕದಾಗಿತ್ತು, ನಿಜ. ಆದರೆ ಅದರಲ್ಲಿ ಗ್ಲೋಬಲ್ ಹಾಗೆಯೇ ಉಳಿಯುತ್ತದೆ, ನಾಳೆ ಇನ್ನೊಂದು ಮಾಡ್ಯೂಲ್ ಬರೆಯುವವರು ತಾವೇ ಲೋಡ್ ಮಾಡಿಕೊಂಡರೆ ಅದೇ ಸೊನ್ನೆ ಅದೇ ಮೌನದೊಂದಿಗೆ ಮರಳುತ್ತದೆ. ರೆಫರೆನ್ಸ್ ಕೇಳುವ ಫಂಕ್ಷನ್‌ಗೆ ರೆಫರೆನ್ಸ್ ಕೊಡದಿದ್ದರೆ ಕಂಪೈಲರ್ ಕೂಗುತ್ತದೆ. ಬದಲಾವಣೆಯ ನಂತರ ಪಟ್ಟಿ ತುಂಬಿಕೊಂಡು ಬಂತು, ಒಟ್ಟು ಸಂಖ್ಯೆ ವ್ಯವಸ್ಥೆಯ ಡಬ್ಲ್ಯೂಸಿ ಹೇಳಿದ ಪದಸಂಖ್ಯೆಗೆ ಸರಿಹೊಂದಿತು.

ಇನ್ನೊಂದು ಡೈರೆಕ್ಟರಿಯಿಂದ

ಕೆಲಸ ಮುಗಿಯಿತು ಎಂದು ಪದಪಟ್ಟಿಯ ಡಿಸ್ ಫೈಲನ್ನು ವ್ಯವಸ್ಥೆಯ ಡೈರೆಕ್ಟರಿಗೆ ಸೇರಿಸಿ ಬೇರೆ ಜಾಗದಿಂದ ಕರೆದಾಗ ಪ್ರೋಗ್ರಾಂ ಬಿದ್ದಿತು. ಕನ್ಸೋಲ್‌ನಲ್ಲಿ ಚೌಕ ಕಂಸದೊಳಗೆ ಮಾಡ್ಯೂಲಿನ ಹೆಸರು, ಅದರ ಮುಂದೆ ಬ್ರೋಕನ್ ಎಂಬ ಪದ, ಮತ್ತೆ ಮಾಡ್ಯೂಲ್ ನಾಟ್ ಲೋಡೆಡ್ ಎಂಬ ಕಾರಣ. ಪದಪಟ್ಟಿ ಲೋಡ್ ಆಗಿಯೇ ಓಡುತ್ತಿದ್ದುದರಿಂದ, ಈ ಸಂದೇಶವನ್ನು ಅದರ ಬಗ್ಗೆಯೇ ಎಂದು ಓದಿದರೆ ದಾರಿ ತಪ್ಪುತ್ತದೆ: ಕಂಸದಲ್ಲಿರುವುದು ಬಿದ್ದ ಮಾಡ್ಯೂಲಿನ ಹೆಸರು, ಲೋಡ್ ಆಗದೆ ಉಳಿದದ್ದರ ಹೆಸರಲ್ಲ.

ಬ್ರೋಕನ್ ಸ್ಥಿತಿ ಇನ್ಫರ್ನೋದ ಒಂದು ಒಳ್ಳೆಯ ಗುಣ. ಯಾರೂ ಹಿಡಿಯದ ಎಕ್ಸೆಪ್ಷನ್‌ನಿಂದ ಬಿದ್ದ ಪ್ರೊಸೆಸ್ ಮಾಯವಾಗುವುದಿಲ್ಲ. ಪ್ರಾಂಪ್ಟ್ ಮರಳಿ ಬಂದರೂ ಅದು ಬಿದ್ದ ಭಂಗಿಯಲ್ಲೇ ನಿಂತಿರುತ್ತದೆ, ಪ್ರೊಸೆಸ್‌ಗಳನ್ನು ಪಟ್ಟಿ ಮಾಡುವ ಪಿಎಸ್ ಕಮಾಂಡ್ ಕೊಟ್ಟರೆ ಅದರ ಸಾಲಿನಲ್ಲಿ ಬ್ರೋಕನ್ ಎಂದು ಕಾಣುತ್ತದೆ. ಅದರ ಸಂಖ್ಯೆಯನ್ನು ಸ್ಟ್ಯಾಕ್ ಎಂಬ ಕಮಾಂಡ್‌ಗೆ ಕೊಟ್ಟರೆ ಯಾವ ಫಂಕ್ಷನ್‌ನ ಯಾವ ಸಾಲಿನಲ್ಲಿ ಬಿತ್ತು ಎಂದು ತಿಳಿಯುತ್ತದೆ, ಕಂಪೈಲ್ ಮಾಡುವಾಗ ಜಿ ಆಯ್ಕೆ ಕೊಟ್ಟು ಚಿಹ್ನೆಗಳ ಫೈಲನ್ನು ಪಡೆದಿದ್ದರೆ. ಪದಪಟ್ಟಿ ಬಿದ್ದದ್ದು ಲೆಕ್ಕ ಮಾಡ್ಯೂಲಿನ ಸೃಷ್ಟಿಸುವ ಫಂಕ್ಷನ್ ಅನ್ನು ಕರೆದ ಸಾಲಿನಲ್ಲಿ. ಓದುಗ ತನ್ನ ಲೋಡ್‌ನ ಫಲ ನಿಲ್ ಆಗಿದೆಯೇ ಎಂದು ಪರೀಕ್ಷಿಸುತ್ತಿತ್ತು, ಅದರಿಂದಲೇ ಹಿಂದಿನ ತೊಡಕಿನಲ್ಲಿ ಸ್ಪಷ್ಟ ಸಂದೇಶ ಸಿಕ್ಕಿತ್ತು. ಪದಪಟ್ಟಿಯಲ್ಲಿ ಆ ಪರೀಕ್ಷೆ ಇರಲಿಲ್ಲ. ಅದನ್ನು ಸೇರಿಸಿ, ವಿಫಲವಾದರೆ ಕಾರಣವನ್ನು ಮುದ್ರಿಸಿ ಫೇಲ್ ಎಂದು ಶುರುವಾಗುವ ಎಕ್ಸೆಪ್ಷನ್ ಎಸೆಯುವಂತೆ ಮಾಡಲಾಯಿತು. ಹಾಗೆ ಎಸೆದದ್ದನ್ನು ಶೆಲ್ ಅಪಘಾತವೆಂದು ಎಣಿಸದೆ, ಕಮಾಂಡ್ ತಾನೇ ಒಪ್ಪಿಕೊಂಡ ಸೋಲೆಂದು ತಿಳಿದು ಸ್ಟೇಟಸ್ ವೇರಿಯೇಬಲ್‌ನಲ್ಲಿ ಇಡುತ್ತದೆ.

ಈಗ ಬಂದ ಕಾರಣ, ಫೈಲ್ ಇಲ್ಲ ಎಂಬುದು. ಇಂಟರ್‌ಫೇಸ್ ಫೈಲ್‌ನಲ್ಲಿ ಲೆಕ್ಕದ ವಿಳಾಸವನ್ನು ಚುಕ್ಕೆಯಿಂದ ಶುರುವಾಗುವ ಸಾಪೇಕ್ಷ ಹೆಸರಾಗಿ ಬರೆಯಲಾಗಿತ್ತು. ಅಂಥ ಹೆಸರನ್ನು ಅರ್ಥೈಸುವುದು ಮಾಡ್ಯೂಲ್ ಇರುವ ಜಾಗದಿಂದಲ್ಲ, ಬಳಕೆದಾರ ನಿಂತ ಡೈರೆಕ್ಟರಿಯಿಂದ. ಪೂರ್ಣ ವಿಳಾಸ ಬರೆದರೆ ತೀರಿತು. ಆದರೆ ಆ ವಿಳಾಸ ಒಂದು ಸ್ಥಿರಾಂಕವಾದ್ದರಿಂದ ಕಂಪೈಲ್ ಆದ ಪ್ರತಿ ಮಾಡ್ಯೂಲಿನೊಳಗೂ ಅಚ್ಚಾಗಿ ಕೂರುತ್ತದೆ, ಪ್ರಯೋಗಕ್ಕಾಗಿ ಬೇರೆ ಆವೃತ್ತಿಯನ್ನು ನಡೆಸಬೇಕಾದಾಗಲೆಲ್ಲ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ.

ಇಲ್ಲಿ ಪ್ಲಾನ್ 9ರಿಂದ ಬಂದ ಬೈಂಡ್ ಎಂಬ ಕಮಾಂಡ್ ನೆರವಾಯಿತು. ಕೋಡ್‌ನಲ್ಲಿ ವ್ಯವಸ್ಥೆಯ ಲೈಬ್ರರಿ ಡೈರೆಕ್ಟರಿಯ ಪೂರ್ಣ ವಿಳಾಸವನ್ನೇ ಬರೆದು, ಪ್ರಯೋಗದ ಹೊತ್ತಿನಲ್ಲಿ ಹೊಸ ಆವೃತ್ತಿ ಇರುವ ಡೈರೆಕ್ಟರಿಯನ್ನು ಅದರ ಮೇಲೆ, ಮೊದಲು ಹುಡುಕುವಂತೆ, ಬೈಂಡ್ ಮಾಡಲಾಯಿತು. ಎರಡೂ ಡೈರೆಕ್ಟರಿಗಳು ಒಂದೇ ಆಗಿ ಕಾಣುತ್ತವೆ, ಹೊಸ ಆವೃತ್ತಿ ಇದ್ದರೆ ಅದು, ಇಲ್ಲದಿದ್ದರೆ ಹಳೆಯದು ಲೋಡ್ ಆಗುತ್ತದೆ. ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಬೈಂಡ್ ತಾನೂ ಒಂದು ಸಾಮಾನ್ಯ ಮಾಡ್ಯೂಲ್. ಅದು ಮುಗಿದುಹೋದ ಮೇಲೂ ಅದರ ಪರಿಣಾಮ ಶೆಲ್‌ನಲ್ಲಿ ಉಳಿಯುವುದು, ಶೆಲ್ ನಡೆಸಿದ ಕಮಾಂಡ್ ಅದರ ನೇಮ್‌ಸ್ಪೇಸನ್ನೇ (ಯಾವ ಹೆಸರಿಗೆ ಯಾವ ಫೈಲ್ ಎಂಬ ನಕ್ಷೆಯನ್ನೇ) ಹಂಚಿಕೊಳ್ಳುವುದರಿಂದ. ಸದ್ಯದ ಡೈರೆಕ್ಟರಿಯೂ ಹೀಗೆ ಹಂಚಿಕೆಯಾಗುವುದರಿಂದ, ಯೂನಿಕ್ಸ್‌ನಲ್ಲಿ ಶೆಲ್‌ನ ಒಳಗೇ ಇರಲೇಬೇಕಾದ, ಡೈರೆಕ್ಟರಿ ಬದಲಿಸುವ ಸಿಡಿ ಕಮಾಂಡ್ ಇಲ್ಲಿ ಹೊರಗಿನ ಒಂದು ಚಿಕ್ಕ ಡಿಸ್ ಫೈಲ್. ಗ್ಲೋಬಲ್‌ಗಳು ಬೇರೆ ಬೇರೆ, ನೇಮ್‌ಸ್ಪೇಸ್ ಮಾತ್ರ ಒಂದೇ: ಯೂನಿಕ್ಸ್ ಬಲ್ಲವರು ಇಲ್ಲಿ ಕಲಿಯಬೇಕಾದುದು ಯಾವುದು ಹಂಚಿಕೆಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬ ಈ ಬೇರೆ ಗಡಿರೇಖೆಯನ್ನು.

ಪರೀಕ್ಷೆಗಳ ನಡುವೆ ಬಿದ್ದು ನಿಂತಿದ್ದ ಪ್ರೊಸೆಸ್‌ಗಳು ತಾವು ಹಿಡಿದಿದ್ದ ಮೆಮೊರಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಡಿಸ್ ಮೆಷಿನ್ ಮೆಮೊರಿಯನ್ನು ಮುಖ್ಯವಾಗಿ ರೆಫರೆನ್ಸ್‌ಗಳ ಎಣಿಕೆಯಿಂದ ತೆರವು ಮಾಡುತ್ತದೆ, ಬಿದ್ದ ಪ್ರೊಸೆಸ್‌ನ ರೆಫರೆನ್ಸ್‌ಗಳೂ ಆ ಎಣಿಕೆಯಲ್ಲಿ ಸೇರಿರುತ್ತವೆ. ಬ್ರೋಕ್ ಎಂಬ ಕಮಾಂಡ್ ಅವನ್ನೆಲ್ಲ ಒಟ್ಟಿಗೆ ತೆಗೆದುಹಾಕಿತು.

ಕೊನೆಗೆ ಉಳಿದದ್ದು ಒಂದು ಬೇಡಿಕೆ. ಬಳಕೆದಾರರು ಪದಪಟ್ಟಿಯನ್ನು ಹಲವು ಸಲ ಬೇರೆ ಬೇರೆ ಫೈಲ್‌ಗಳ ಮೇಲೆ ಕರೆದು, ಎಲ್ಲ ಕರೆಗಳ ಒಟ್ಟು ಮೊತ್ತವನ್ನು ಕೊನೆಯಲ್ಲಿ ಕೇಳಬೇಕು. ಪ್ರತಿ ಕರೆಯೂ ಹೊಸ ಲೋಡ್ ಆದ್ದರಿಂದ ಸಾಮಾನ್ಯ ಕಮಾಂಡ್‌ಗೆ ನೆನಪು ಇರಲಾರದು. ಇನ್ಫರ್ನೋ ಶೆಲ್‌ಗೆ ಇದಕ್ಕೊಂದು ದಾರಿಯಿದೆ: ಸ್ಟ್ಯಾಂಡರ್ಡ್ ನಿಯಂತ್ರಣ ರಚನೆಗಳು, ಅಂಕಗಣಿತ ಮುಂತಾದುವನ್ನು ಅದು ಲೋಡ್ ಎಂಬ ಶೆಲ್ ಆದೇಶದಿಂದ ತನ್ನೊಳಗೇ ತರಿಸಿಕೊಳ್ಳುವ ವಿಶೇಷ ಮಾಡ್ಯೂಲ್‌ಗಳಾಗಿ ಇಟ್ಟಿದೆ. ಅಂಥ ಮಾಡ್ಯೂಲನ್ನು ಶೆಲ್ ಒಮ್ಮೆ ಮಾತ್ರ ಲೋಡ್ ಮಾಡುವುದರಿಂದ ಅದರ ಗ್ಲೋಬಲ್‌ಗಳು ಶೆಲ್ ಇರುವವರೆಗೂ ಬಾಳುತ್ತವೆ. ಅದರ ಆರಂಭದ ಫಂಕ್ಷನ್‌ಗೆ ಶೆಲ್ ಏನನ್ನು ಕೊಡುತ್ತದೆ ಎಂಬುದು ನಮ್ಮ ಪ್ರಕರಣದ ದೃಷ್ಟಿಯಿಂದ ಗಮನಾರ್ಹ: ತನ್ನದೇ ಮಾಡ್ಯೂಲನ್ನು, ಆರ್ಗ್ಯುಮೆಂಟ್ ಆಗಿ. ಆ ವಿಶೇಷ ಮಾಡ್ಯೂಲ್ ಶೆಲ್ ಅನ್ನು ತಾನೇ ಲೋಡ್ ಮಾಡಿಕೊಂಡಿದ್ದರೆ ಅದಕ್ಕೆ ಸಿಗುತ್ತಿದ್ದುದು ಇನ್ನೊಂದು, ಖಾಲಿ ಶೆಲ್. ಪದಪಟ್ಟಿಯನ್ನು ಈ ರೂಪಕ್ಕೆ ತರುವಾಗ ಲೆಕ್ಕ ಮಾಡ್ಯೂಲಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಕೋಷ್ಟಕದ ರೆಫರೆನ್ಸ್ ಒಂದನ್ನು ಹೊಸ ಹೊದಿಕೆ ಮಾಡ್ಯೂಲಿನ ಗ್ಲೋಬಲ್‌ನಲ್ಲಿ ಇಟ್ಟರೆ ಸಾಕಾಯಿತು.